ಮಾಸ್ತರರ ಮಡಿ ನಾಯಿ

ಮರೋಳ, ಹೊಲದ ಮನೆ
೧೬ ಆಗಸ್ಟ್ ೧೯೫೩

ಚಿ. ಸೌ. ಜಾನಕಿಗೆ ನಿನ್ನ ಪಂಢರೀನಾಥನ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ನಿನ್ನ ಜ್ವರ ಇಳಿದಿದೆಯೆಂದು ಓದಿದ ಮೇಲೆ ಇನ್ನಷ್ಟು ಕ್ಷೇಮ. ಪತ್ರ ತಡವಾಯಿತೆಂದು ಸಿಟ್ಟಾಗಬೇಡ, ತಪ್ಪು ನನ್ನದಲ್ಲ, ನಮ್ಮ ಹಳ್ಳದ್ದು. ಪಂಚಮಿಯ ಮುಂದೆ ಅದು ತುಂಬಿ ಬಂದು ದಾರಿಯನ್ನೇ ನುಂಗಿಬಿಟ್ಟಿತು. ಹುನಗುಂದದ ಟಪಾಲಿನವನು ಈ ಕಡೆ ತಲೆಯೇ ಹಾಕಲಿಲ್ಲ. ಸಾಲೆಗೂ ರಜೆ. ನಾನು ಮನೆಯಲ್ಲಿ ಕೂತು ಆಯಿಯ ಕೈಯ ಉಂಡಿ ತಿಂದು ತಿಂದು ಅಂಗಿಯ ಗುಂಡಿ ಹಾಕಲಾರದಷ್ಟು ಉಬ್ಬಿದ್ದೇನೆ.

ಮೊದಲು ನಿನ್ನ ಪ್ರಶ್ನೆಗೆ ಉತ್ತರ. "ತೊಟ್ಟಿಲಿಗೆ ಹಾಕಿ ಹೆಸರಿಡುವುದನ್ನೂ ನೋಡದೆ ಬಂದವಳು ನಾನು. ತುಳಸಿ ನಾಳೆ ನನ್ನ ಗುರುತು ಹಿಡಿದಾಳೇನು?" ಎಂದು ಬರೆದಿದ್ದಿ. ಹುಚ್ಚಿ! ಇದನ್ನೇ ತಲೆಗೆ ಹಚ್ಚಿಕೊಂಡು ಮಲಗಿದರೆ ಮಿರಜದ ಡಾಕ್ಟರರು ಎಷ್ಟು ಸೂಜಿ ಚುಚ್ಚಿದರೇನು? ನಿನ್ನ ಎದೆಯ ಬೇನೆ ಮೊದಲು ಹೋಗಲಿ, ಉಳಿದದ್ದು ತಾನಾಗಿ ಆಗುತ್ತದೆ. ಹೆತ್ತವಳನ್ನು ಮರೆಯುವ ಕೂಸನ್ನು ನಾನಂತೂ ಎಲ್ಲೂ ಕಂಡಿಲ್ಲ. ತುಳಸಿ ಗುಂಡಗುಂಡಗೆ ಇದ್ದಾಳೆ. ಬಾಳಮ್ಮನ ಹಾಲು ಅವಳಿಗೆ ಚೆನ್ನಾಗಿ ಒಗ್ಗಿದೆ. ತನ್ನ ಮಗ ಶಂಕ್ರನನ್ನೂ ನಮ್ಮ ತುಳಸಿಯನ್ನೂ ಬಾಳಮ್ಮ ಒಂದೇ ತೊಡೆಯ ಮೇಲೆ ಹಾಕಿಕೊಂಡು ಕೂತರೆ ಎರಡೂ ಒಂದರ ಕಾಲನ್ನೊಂದು ಒದೆಯುತ್ತ ಕುಡಿಯುತ್ತವೆ. ನಮ್ಮ ಆಯಿ ಮೊದಮೊದಲು ಹಾಲು ಕುಡಿಸಿ ತಂದ ಕೂಡಲೇ ಕೂಸಿನ ತಲೆಗೆ ನೀರು ಹಾಕುತ್ತಿದ್ದಳು. ಕೂಸಿಗೆ ನೆಗಡಿಯಾಯಿತು. ಆಮೇಲೆ "ಹಾಲಿಗೆ ಮೈಲಿಗಿ ಇಲ್ಲ" ಎಂದು ತಾನೇ ಒಂದು ಶಾಸ್ತ್ರ ಹುಟ್ಟಿಸಿ ಸುಮ್ಮನಾದಳು. ಯಾವ ಗ್ರಂಥದಲ್ಲಿದೆ ಎಂದು ಕೇಳುವ ಧೈರ್ಯ ನನಗಿಲ್ಲ.

ಈಗ ನಿಜವಾದ ಸುದ್ದಿ ಕೇಳು. ನಮ್ಮ ಹೊಲಕ್ಕೆ ನಾಯಿ ಬಂದಿದೆ! ಕೈಯಲ್ಲಿ ಹಿಡಿದರೆ ಹಿಡಿ ತುಂಬ ಹೊಟ್ಟೆಯೇ ಇರುವ ಮರಿ. ಬಾಳಮ್ಮನ ಗಂಡ ಯಮನಪ್ಪ, ಮಳೆಗಾಲದ ಕೆಸರಿಗೆ ಕುರಿಯ ಕಾಲು ಕೊಳೆಯುತ್ತವೆಂದು ತನ್ನ ದೊಡ್ಡ ಹಿಂಡನ್ನು ಬಾದಾಮಿಯ ಗುಡ್ಡದ ಕಡೆ ಹೊಡೆದುಕೊಂಡು ಹೋಗುವ ದಿನ, ಕಂಬಳಿಯ ಮಡಿಕೆಯಿಂದ ಅದನ್ನು ತೆಗೆದು ನನ್ನ ಕಾಲ ಮುಂದೆ ಬಿಟ್ಟ. ನಾನು ಹೊಲದ ಗೊಬ್ಬರಕ್ಕೆಂದು ಕುರಿ ಕಟ್ಟಿದ್ದು ನಿನಗೆ ಗೊತ್ತೇ ಇದೆ. ಹೋದ ವರ್ಷ ತೋಳ ಅದರಲ್ಲಿ ಎಷ್ಟು ಕದ್ದೊಯ್ದಿತು ಎಂಬುದೂ ಗೊತ್ತಿದೆ. ಅವನ್ನು ಬಾಳಮ್ಮ ಮೇಯಿಸುತ್ತಾಳೆ ನಿಜ, ಆದರೆ ಎರಡು ಕೂಸುಗಳನ್ನು ಕಟ್ಟಿಕೊಂಡ ಹೆಂಗಸು ತೋಳವನ್ನೂ ಕಾಯಲಿ ಎಂದರೆ ಆದೀತೇ? ಅದಕ್ಕೇ ಈ ಮರಿ.

ನಾನು ಮುದ್ದಿಸಲು ಬಗ್ಗಿದೆ. ಯಮನಪ್ಪ ಊರಿಗೆಲ್ಲ ಕೇಳುವ ಹಾಗೆ ಕೂಗಿದ, "ಕೈ ತಗೀರಿ ಮಾಸ್ತರ! ಇದು ಮನಿ ನಾಯಿ ಅಲ್ರಿ, ಹಿಂಡಿನ ನಾಯಿ. ಎತ್ತಬ್ಯಾಡ್ರಿ, ಮಾತಾಡಸಬ್ಯಾಡ್ರಿ, ಹೊಸ್ತಲ ತೋರಸಬ್ಯಾಡ್ರಿ. ಮನಶ್ಯಾನ ರುಚಿ ಹತ್ತಿದ್ರ ಕುರಿ ಬಿಟ್ಟು ನಿಮ್ಮ ಒಲಿ ಮುಂದ ಬಂದು ಬೀಳತೈತಿ. ಕುರೀನ ಅದರ ಬಳಗ ಆಗಬೇಕು."

ಪಡಸಾಲೆಯಿಂದ ಆಯಿ, "ಅಯ್ಯ, ಮುಟ್ಟೋ ಮಾತೆಲ್ಲಿಂದ ಬಂತೋ? ಯಾರರೇ ನಾಯಿ ಮುಟ್ಟಿ ಈ ಕಟ್ಟಿ ಹತ್ತಲಿ, ಕೊಡ ನೀರು ತಲಿ ಮ್ಯಾಲ ಹಾಕ್ತೇನಿ" ಎಂದಳು.

ಯಮನಪ್ಪನ ಮುಖ ನೋಡಬೇಕಿತ್ತು ನೀನು. ಅಷ್ಟಗಲ ಬಾಯಿ ತೆಗೆದು ನಕ್ಕ. "ನಾಯಿ ಬೆಳಸಾಕ ಇಂಥಾ ಮನಿ ಎಲ್ಲಿ ಸಿಗತೈತ್ರಿ ಆಯಿ! ನಮ್ಮ ಹಟ್ಟ್ಯಾಗ ಹುಡುಗ್ರ ಕೈ ಕಾಯೂದ್ರಾಗ ನಮ್ಮವ್ವ ಸೋತು ಹೋಗತಿದ್ಳು. ನಿಮ್ಮ ಮಡಿ ಐತಲ್ಲ, ಇದಕ್ಕ ಭಾಳ ಛಲೋ ಆತ್ರಿ!" ಎಂದ. ತನ್ನ ಮಡಿಯನ್ನು ಯಾರಾದರೂ ಹೊಗಳಿದ್ದು ಆಯಿಯ ಆಯುಷ್ಯದಲ್ಲೇ ಮೊದಲ ಸಲ. ಅಂದಿನಿಂದ ಅವಳು ಪಡಸಾಲೆಯಲ್ಲಿ ಜಪಮಣಿ ಹಿಡಿದು ಕೂತು ನನ್ನ ಕೈ ಕಾಯುತ್ತಾಳೆ.

ಹೆಸರಿಡುವಾಗಲೂ ಜಗಳವಾಯಿತು. ಯಮನಪ್ಪ ಭೀಮ್ಯಾ ಎಂದ. "ನಾಯಿಗಿ ಭೀಮಸೇನ ದೇವರ ಹೆಸರೇನೋ ಮೂಳ?" ಎಂದು ಆಯಿ ಎದ್ದೇ ನಿಂತಳು. ಕೊನೆಗೆ ಹೊಟ್ಟೆ ನೋಡಿ ಡೊಳ್ಯಾ ಎಂದು ಇಟ್ಟೆವು.

ಮತ್ತೊಂದು ಹೇಳಲೇಬೇಕು. ಕೆಂಚಿ ಎಂಬ ಕುರಿಯ ಮರಿ ಮಳೆಗೆ ಸತ್ತಿತ್ತು, ಕೆಚ್ಚಲು ಬಿಗಿದು ಒದ್ದಾಡುತ್ತಿತ್ತು. ಬಾಳಮ್ಮ ಕೆಂಚಿಯ ಹಾಲನ್ನೇ ಹಿಂಡಿ ಡೊಳ್ಯಾನ ಮೈಗೆ ಬಳಿದು, ಕುರಿಯ ಕಾಲು ಹಿಡಿದು, ಮರಿಯನ್ನು ಕೆಳಗೆ ಬಿಟ್ಟಳು. ಕೆಂಚಿ ಒದ್ದಿತು, ಸೀನಿತು, ಹಿಂದೆ ತಿರುಗಿ ಮೂಸಿತು. ಮತ್ತೆ ಒದ್ದಿತು. ಆಮೇಲೆ ಒಂದು ಗಳಿಗೆಯಲ್ಲಿ ಸುಮ್ಮನೆ ನಿಂತುಬಿಟ್ಟಿತು ನೋಡು! ನಾಯಿಮರಿ ಕುರಿಯ ಕೆಚ್ಚಲಿಗೆ ಜೋತುಬಿದ್ದು ಬಾಲ ಅಲ್ಲಾಡಿಸುತ್ತ ಕುಡಿಯುವುದನ್ನು ನಾನು ಕಣ್ಣಾರೆ ನೋಡಿದೆ. ಖುಷಿ ತಡೆಯದೆ ಚಪ್ಪಾಳೆ ತಟ್ಟಿದೆ. ಕುರಿ ಬೆದರಿ ಓಡಿತು, ಬಾಳಮ್ಮ ನನ್ನನ್ನು ಸಾಲೆಯ ಹುಡುಗನಿಗೆ ಬೈದಂತೆ ಬೈದಳು.

ಸಂಜೆ ಕುರಿಹಟ್ಟಿಯ ಮುಳ್ಳಿನ ಬೇಲಿಯ ಹತ್ತಿರ ನಿಂತರೆ ಅದು ನನ್ನನ್ನು ನೋಡಿ ಕುಂಯ್ಯೆನ್ನುತ್ತದೆ. ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ಕಷ್ಟ ಜಾನಕಿ, ಬಹಳ ಕಷ್ಟ.

ಔಷಧ ಬಿಡಬೇಡ. ಹಾಲು, ತತ್ತಿ ಕೊಟ್ಟರೆ ಮೂಗು ಮುರಿಯದೆ ತೆಗೆದುಕೋ. ಆಯಿಗೆ ನಾನು ಹೇಳುವುದಿಲ್ಲ. ನೀನು ಬೇಗ ಗುಣವಾಗಿ ಬಾ ಎಂದು ಹಗಲೆಲ್ಲ ಹರಸುವ

ನಿನ್ನವ,
ಪಂಢರೀನಾಥ


ಮರೋಳ
೨೧ ನವೆಂಬರ್ ೧೯೫೩

ಚಿ. ಸೌ. ಜಾನಕಿಗೆ ಪಂಢರೀನಾಥನ ಅನೇಕ ಆಶೀರ್ವಾದಗಳು.

ದೀಪಾವಳಿಗೆ ಬರೆಯಬೇಕಾದದ್ದು ತುಳಸೀ ಲಗ್ನ ಮುಗಿದ ಮೇಲೆ ಬರೆಯುತ್ತಿದ್ದೇನೆ. ಬೈಯಬೇಕೆಂದಿದ್ದರೆ ಈಗಲೇ ಬೈದು ಮುಗಿಸು, ಯಾಕೆಂದರೆ ಮುಂದೆ ಓದಿದರೆ ಬೈಯಲು ಇನ್ನೂ ದೊಡ್ಡ ಕಾರಣ ಸಿಗುತ್ತದೆ.

ನಿನ್ನ ತೂಕ ಏರಿದೆ, ಕಫ ಸ್ವಚ್ಛ ಬಂದಿದೆ ಎಂಬ ಸುದ್ದಿ ಓದಿ ಆಯಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಮ್ಮ ತುಳಸಿಗೆ ಕೆಳಗೆ ಎರಡು ಹಲ್ಲು ಬಂದಿವೆ. ಅಂಬೆಗಾಲಿಕ್ಕುತ್ತಾಳೆ ಎಂದರೆ ಸಾಲದು, ಓಡುತ್ತಾಳೆ. ಅವಳೂ ಶಂಕ್ರನೂ ಹಟ್ಟಿಯ ಬೇಲಿಯ ತನಕ ಪಂದ್ಯ ಕಟ್ಟಿದವರಂತೆ ಹೋಗುತ್ತಾರೆ. ಚಳಿ ಬಿದ್ದ ಮೇಲೆ ಅವಳು ಹೆಚ್ಚು ಬಾಳಮ್ಮನ ಗುಡಿಸಲಿನಲ್ಲೇ ಮಲಗುತ್ತಾಳೆ. ಕಂಬಳಿಯ ಶಾಖ ಇರುತ್ತದೆ, ಎದ್ದರೆ ಹಾಲೂ ಕೈಗೆ ಸಿಗುತ್ತದೆ. ಇದರಲ್ಲಿ ಚಿಂತೆ ಮಾಡುವಂಥದ್ದು ಏನೂ ಇಲ್ಲ.

ಡೊಳ್ಯಾನಿಗೆ ಈಗ ಹೊಟ್ಟೆ ಹೋಗಿ ಕಾಲು ಬಂದಿವೆ. ಕುರಿಗಳ ನಡುವೆಯೇ ಮಲಗುತ್ತದೆ, ಕುರಿ ಎದ್ದರೆ ಏಳುತ್ತದೆ, ಕುರಿ ಕೂತರೆ ಕೂರುತ್ತದೆ. ನಾವು ಕರೆದರೆ ಕಿವಿ ಒಂದು ಅಲ್ಲಾಡುತ್ತದೆ, ಅಷ್ಟೇ. ಇದಕ್ಕಿಂತ ಹೆಚ್ಚಿನದೇನು ಬೇಕು ಎಂದು ನಾನು ಹಿಗ್ಗಿದರೆ ಪಕ್ಕದ ಹೊಲದ ದೇವಪ್ಪ ಊರೆಲ್ಲ ನಗಿಸುತ್ತಿದ್ದಾನೆ. "ಮಾಸ್ತರರ ಮಡಿ ನಾಯಿ" ಎಂದು ಹೆಸರಿಟ್ಟಿದ್ದಾನೆ. "ತೋಳ ಬಂದ್ರ ಮೈಲಿಗಿ ಆಕೈತಿ, ದೂರ ನಿಂದ್ರು ಅಂತೈತೇನ್ರಿ?" ಎಂದು ಕೇಳುತ್ತಾನೆ. ಚಾವಡಿಯಲ್ಲಿ, ನನ್ನ ಸಾಲೆಯ ಹುಡುಗರ ಎದುರಿಗೆ! ನಾನು ಸಿಟ್ಟಿನಿಂದ ಉಪದೇಶ ಮಾಡಿದಷ್ಟೂ ಅವರು ಇನ್ನೂ ನಗುತ್ತಾರೆ.

ಈಗ ನನ್ನ ಪರಾಕ್ರಮ ಕೇಳು. ಡೊಳ್ಯಾನಿಗೆ ಎರಡು ಹೊತ್ತು ಭಕ್ಕರಿ, ಮಜ್ಜಿಗೆ ನಮ್ಮ ಒಲೆಯದು. ಹಟ್ಟಿಯ ಕಲ್ಲುಬಾನಿಯಲ್ಲಿ ನಾನು ಹಾಕಿ, ಮಾತಾಡದೆ ಬರುತ್ತೇನೆ. ಏಕಾದಶಿಯಂದು ಮನೆಯಲ್ಲಿ ಒಲೆಯೇ ಉರಿಯುವುದಿಲ್ಲವಷ್ಟೇ? ಹಾಗಾಗಿ ಅಂದು ನಾಯಿಗೂ ಇಲ್ಲ. ಇಷ್ಟು ದಿನ ಬಾಳಮ್ಮ ತನ್ನ ರೊಟ್ಟಿಯಲ್ಲಿ ಅದಕ್ಕೆ ಹಾಕುತ್ತಿದ್ದಳಂತೆ. ನಮಗೆ ತಾಯಿಮಗನಿಗೆ ಅದರ ಅರಿವೇ ಇಲ್ಲ, ನಾಯಿ ನಮ್ಮ ಹಾಗೆಯೇ ನಿಷ್ಠೆಯಿಂದ ಇದೆ ಎಂದುಕೊಂಡಿದ್ದೆವು. ಮೊನ್ನೆ ಕಾರ್ತಿಕದ ದೊಡ್ಡ ಏಕಾದಶಿಯ ದಿನ ಬಾಳಮ್ಮ ಕೂಸುಗಳೆರಡಕ್ಕೂ ಸಿಡುಬು ಬಾರದಂತೆ ದೇವಿ ಹಾಕಿಸಲು ಗಾಡಿಯಲ್ಲಿ ಹುನಗುಂದದ ದವಾಖಾನೆಗೆ ಹೋಗಿದ್ದಳು. ಕುರಿ ಕಾಯಲು ನಾನು. ನನಗೂ ಉಪವಾಸ, ಡೊಳ್ಯಾನಿಗೂ ಉಪವಾಸ.

ಮಧ್ಯಾಹ್ನ ಬೇಲಿಯ ಮೂಲೆಯಲ್ಲಿ ಕುರಿಯೊಂದು ಒರಲಿತು. ಹೋಗಿ ನೋಡುತ್ತೇನೆ, ಕುರಿ ಈದಿದೆ. ಮರಿ ನೆಲದ ಮೇಲೆ ಅಲ್ಲಾಡದೆ ಬಿದ್ದಿದೆ. ಡೊಳ್ಯಾ ಅದರ ಮೇಲೆ ಬಗ್ಗಿದೆ, ಬಾಯಿ ತುಂಬ ನೆತ್ತರು! ಉಪವಾಸಕ್ಕೆ ಹಾಕಿ ನಾವೇ ಅದನ್ನು ಕೊಲೆಗಡುಕ ಮಾಡಿದೆವು, ಇನ್ನು ಮುಗಿಯಿತು, ದೇವಪ್ಪ ಊರ ತುಂಬ ಡಂಗುರ ಹೊಡೆಯುತ್ತಾನೆ, ಹೀಗೆಲ್ಲ ಒಮ್ಮೆಗೇ ತಲೆಗೆ ನುಗ್ಗಿತು. ಕೈಯಲ್ಲಿದ್ದ ಬಡಿಗೆಯಿಂದ ಬಾರಿಸಿದೆ. ಅದು ಕಿರುಚಲಿಲ್ಲ, ಓಡಲಿಲ್ಲ, ಮರಿಯ ಮೇಲೆ ಇನ್ನೂ ಬಗ್ಗಿತು. ನಾನು ಮತ್ತೆ ಎತ್ತಿದೆ.

"ಪಂಢರೀ, ಹೊಡೀಬ್ಯಾಡೋ!" ಪಡಸಾಲೆಯಿಂದ ಆಯಿ ಜಪಮಣಿ ಹಿಡಿದ ಕೈಯನ್ನೇ ಎತ್ತಿ ಕೂಗಿದಳು. "ಅದು ಮಾಸ ತಿನ್ನಲಿಕ್ಹತ್ತದ, ಮರಿ ಅಲ್ಲ! ಮರಿ ನೆಕ್ಕಿ ಒಣಗಸ್ಲಿಕ್ಹತ್ತದ! ನಾ ಆಗಿನಿಂದ ನೋಡ್ತೇನಿ, ಕಣ್ಣು ನಿನಗಿಲ್ಲೇನು?"

ಬಡಿಗೆ ಕೆಳಗೆ ಹಾಕಿದೆ. ನಿಜವಾಗಿಯೂ ಹಾಗೇ ಇತ್ತು ಜಾನಕಿ. ಈದ ಕುರಿ ಮೊದಲ ಸೂಲಿನದು, ಏನೂ ತಿಳಿಯದೆ ದೂರ ನಿಂತಿತ್ತು. ಹಸಿದ ಡೊಳ್ಯಾ ಈದ ಮೇಲೆ ಬಿದ್ದ ಮಾಸು ತಿಂದು, ಮರಿಯ ಮೂಗಿನ ಲೋಳೆಯನ್ನೆಲ್ಲ ನೆಕ್ಕಿ ತೆಗೆದಿತ್ತು. ನೋಡನೋಡುತ್ತಿದ್ದಂತೆ ಮರಿ ಸೀನಿತು, ತಲೆ ಎತ್ತಿತು, ಕಾಲು ಹುಡುಕಿಕೊಂಡು ನಿಂತಿತು. ಇನ್ನೊಂದು ಏಟು ಬಿದ್ದಿದ್ದರೆ ನಾನೇ ಅದರ ಬೆನ್ನು ಮುರಿಯುತ್ತಿದ್ದೆ.

ಅಲ್ಲಿಂದ ಮುಂದೆ ಡೊಳ್ಯಾ ನನ್ನ ಕೈಯ ಭಕ್ಕರಿ ಮುಟ್ಟಲಿಲ್ಲ. ನಾನು ಬೇಲಿಯ ಹೊರಗೆ ಕುಕ್ಕರುಗಾಲಲ್ಲಿ ಕೂತು ಬೇಡಿಕೊಂಡೆ, ಸಾಲೆಯ ಮಾಸ್ತರ ನಾಯಿಗೆ ಸಮಜಾಯಿಸಿ ಹೇಳಿದೆ. ಅದು ಕೆಂಚಿಯ ಬೆನ್ನಿಗೆ ಬೆನ್ನು ಹಚ್ಚಿ ಆಚೆ ಮುಖ ಮಾಡಿ ಮಲಗಿತು. ಬಾಳಮ್ಮ ಕೊಟ್ಟರೆ ತಿಂದಿತು. ನಿನ್ನೆ ಸಂಜೆ ನನ್ನ ಭಕ್ಕರಿಯನ್ನೂ ಒಂದು ಚೂರು ಮೂಸಿ, ಬಹಳ ವಿಚಾರ ಮಾಡಿ, ತಿಂದಿದೆ. ನನಗೆ ಮೆಟ್ರಿಕ್ ಪಾಸಾದಾಗಲೂ ಇಷ್ಟು ಸಂತೋಷವಾಗಿರಲಿಲ್ಲ.

ಕುರಿ ನೋಡಲು ಬಂದ ಯಮನಪ್ಪನಿಗೆ ಎಲ್ಲ ಹೇಳಿದೆವು. "ನಾಯಿಗೂ ಏಕಾದಶಿ ಹಿಡಸೀರೇನ್ರಿ ಮಾಸ್ತರ!" ಎಂದು ನೆಲಕ್ಕೆ ಕೂತು ನಕ್ಕ. ಆಯಿಗೆ ಅದು ನಾಟಿತು. ಇನ್ನು ಮುಂದೆ ದಶಮಿಯ ಸಂಜೆಯೇ ಎರಡು ಭಕ್ಕರಿ ಹೆಚ್ಚು ತಟ್ಟಿ ಹೊರಗಿನ ನೆಲುವಿನಲ್ಲಿ ಇಡಬೇಕೆಂದು ಅಪ್ಪಣೆಯಾಗಿದೆ.

ನೀನು ಮತ್ತೆ ತುಳಸಿಯದೇ ಕೇಳುತ್ತಿ, "ಏನಾದರೂ ಮಾತು ಬಂದಿದೆಯೇ?" ಎಂದು. ಕೂಸಲ್ಲವೇ, ಹಕ್ಕಿಯ ಹಾಗೆ ಉಲಿಯುತ್ತಾಳೆ. ಸಾವಕಾಶ ಬಂದೀತು. ಹಲ್ಲು ಬಂದ ಸುದ್ದಿಗೆ ಸದ್ಯ ಸಂತೋಷಪಡು. ಚಳಿಗೆ ಎದೆಗೆ ಶಾಲು ಸುತ್ತಿಕೋ. ಆಯಿಯ ಆಶೀರ್ವಾದ, ಬಾಳಮ್ಮನ ಶರಣು.

ನಿನ್ನವ,
ಪಂಢರೀನಾಥ


ಮರೋಳ
೨೪ ಮಾರ್ಚ್ ೧೯೫೪

ಚಿ. ಸೌ. ಜಾನಕಿಗೆ, ನನ್ನ ಜಾನಕಿಗೆ, ಎಷ್ಟು ಆಶೀರ್ವಾದ ಬರೆಯಲಿ?

ಡಾಕ್ಟರರ ಕಾಗದ ಬಂತು! ಯುಗಾದಿಗೆ ಮೊದಲೇ ನಿನ್ನನ್ನು ಮನೆಗೆ ಬಿಡುತ್ತಾರಂತೆ, ಇನ್ನು ಹತ್ತಿರ ಬಂದರೆ ಯಾರಿಗೂ ಭಯವಿಲ್ಲವಂತೆ, ಕೂಸನ್ನು ಎತ್ತಿಕೊಳ್ಳಬಹುದಂತೆ. ನಾನು ಅದನ್ನು ಸಾಲೆಯಲ್ಲೇ ಒಡೆದು ಓದಿದೆ. ಓದಿ ಏನು ಮಾಡಿದೆನೋ ತಿಳಿಯದು, ಹುಡುಗರು ಹೇಳುತ್ತಾರೆ ಮಾಸ್ತರರು ಕುರ್ಚಿಯ ಮೇಲೆ ಹತ್ತಿ ನಿಂತಿದ್ದರು ಎಂದು. ರಜೆ ಕೊಟ್ಟುಬಿಟ್ಟೆ. ಬಾಗಲಕೋಟೆಯ ಸ್ಟೇಶನ್ನಿಗೆ ಗಾಡಿ ತರುತ್ತೇನೆ. ದಾರಿಯುದ್ದಕ್ಕೂ ಕುಲುಕಬಾರದೆಂದು ಕೆಳಗೆ ಹುಲ್ಲು, ಮೇಲೆ ಎರಡು ಗಾದಿ. ಆಯಿ ಈಗಾಗಲೇ ಗೋಡೆಗೆ ಸುಣ್ಣ ಹೊಡೆಸಿದ್ದಾಳೆ. ಉತ್ತರ ಬರೆಯುವುದು ಇಷ್ಟು ದಿನ ಯಾಕೆ ತಡವಾಯಿತೆಂದು ಕೇಳಬೇಡ, ಸುಣ್ಣದ ಡಬ್ಬಿ ಹಿಡಿದು ಹಿಂದೆ ಹಿಂದೆ ತಿರುಗುವವನು ನಾನೇ.

ಡೊಳ್ಯಾ ಏನು ಮಾಡಿದನೆಂದು ಕೇಳಿದರೆ ನೀನು ಹಾಸಿಗೆಯಿಂದ ಎದ್ದು ಕೂರುತ್ತಿ. ಹೌದು, ಈಗ ನಾವೆಲ್ಲ ಅದು ಎನ್ನುವುದಿಲ್ಲ, ಅವನು ಎನ್ನುತ್ತೇವೆ.

ಹೋಳಿ ಹುಣ್ಣಿಮೆಯ ಮರುದಿನ. ಸಾಲೆ ಈಗ ಬೆಳಗಿನದು, ನಾನು ಮಧ್ಯಾಹ್ನಕ್ಕೆ ಕೊಡೆ ಹಿಡಿದು ಹೊಲಕ್ಕೆ ಬರುತ್ತಿದ್ದೆ. ಜೋಳ ಕೊಯ್ದ ಹೊಲದಲ್ಲಿ ಕುರಿಗಳು ಕೂಳೆ ಮೇಯುತ್ತಿದ್ದವು. ಬಾಳಮ್ಮ ಬಿದ್ದ ತೆನೆ ಆಯುತ್ತಿದ್ದಳು. ಕೂಸುಗಳು ಕಣಿಕೆಯ ಬಣವೆಯ ನೆರಳಿನಲ್ಲಿ ಕಂಬಳಿಯ ಮೇಲೆ ಆಡುತ್ತಿದ್ದವು. ಒಮ್ಮೆಗೇ ಕುರಿಗಳೆಲ್ಲ ತಲೆ ಎತ್ತಿದವು. ಹಳ್ಳದ ದಂಡೆಯಿಂದ ಎರಡು ತೋಳ ಹೊರಟಿದ್ದವು. ಹಗಲು ಹೊತ್ತಿನಲ್ಲಿ, ಯಾರ ಹೆದರಿಕೆಯೂ ಇಲ್ಲದೆ, ತಮ್ಮ ಹೊಲಕ್ಕೆ ತಾವು ಬರುವ ಹಾಗೆ.

ನಾನು ಕೂಗಿದೆನೋ ಇಲ್ಲವೋ, ಡೊಳ್ಯಾ ಹಿಂಡಿನೊಳಗಿಂದ ಎದ್ದು ಬಂದ. ಓಡಲಿಲ್ಲ ನೋಡು! ನಡೆದು ಬಂದ. ಕುರಿಗಳಿಗೂ ತೋಳಗಳಿಗೂ ನಡುವೆ ನಿಂತ. ಕುತ್ತಿಗೆಗೆ ಯಮನಪ್ಪ ಮಾಡಿಸಿಕೊಟ್ಟ ಮೊಳೆಪಟ್ಟಿ, ಬೆನ್ನ ಕೂದಲೆಲ್ಲ ಎದ್ದಿದ್ದವು. ಆಮೇಲೆ ಬೊಗಳಿದ. ಇಷ್ಟು ದಿನ ಅವನ ಗಂಟಲಲ್ಲಿ ಇಂಥ ದನಿ ಇದೆಯೆಂದು ನಮಗಾರಿಗೂ ಗೊತ್ತಿರಲಿಲ್ಲ. ಕುರಿಗಳು ಓಡಿ ಚದುರಲಿಲ್ಲ, ಎಲ್ಲವೂ ಬಂದು ಅವನ ಬೆನ್ನ ಹಿಂದೆ ಒತ್ತಾಗಿ ನಿಂತವು! ಒಂದು ತೋಳ ಬಗಲಿನಿಂದ ಸುತ್ತಿ ಬಂತು, ಅವನೂ ಸುತ್ತಿದ. ಇನ್ನೊಂದು ನುಗ್ಗಿತು. ಧೂಳಿನಲ್ಲಿ ಏನೂ ಕಾಣಲಿಲ್ಲ. ತೋಳ ಕುತ್ತಿಗೆಗೆ ಬಾಯಿ ಹಾಕಿ ಮೊಳೆ ಚುಚ್ಚಿ ಬಿಟ್ಟಿತು, ಆಮೇಲೆ ಕಿವಿ ಹಿಡಿಯಿತು.

ಬಾಳಮ್ಮ ತೆನೆ ಬಿಸಾಕಿ ಬಣವೆಗೆ ಓಡಿದಳು. ಎರಡೂ ಕೂಸುಗಳನ್ನು ಎತ್ತಿ ಮೊದಲು ತುಳಸಿಯನ್ನು ಬಣವೆಯ ಮೇಲಕ್ಕೆ ಎಸೆದಂತೆ ಹಾಕಿದಳು, ಆಮೇಲೆ ತನ್ನ ಶಂಕ್ರನನ್ನು. ತಾನು ಕುಡುಗೋಲು ಹಿಡಿದು ಕೆಳಗೆ ನಿಂತಳು. ನಾನು ಕೊಡೆ ತಿರುಗಿಸುತ್ತ, ಬಾಯಿಗೆ ಬಂದದ್ದು ಒದರುತ್ತ ಓಡಿದೆ. ಆ ಕಡೆಯಿಂದ ದೇವಪ್ಪ ಕೊಡಲಿ ಹಿಡಿದು ಬೇಲಿ ಹಾರಿದ. ತೋಳಗಳು ಹಳ್ಳಕ್ಕೆ ಇಳಿದುಹೋದವು. ಡೊಳ್ಯಾ ದಂಡೆಯ ತನಕ ಹೋಗಿ ನಿಂತ. ಬೆನ್ನು ಹತ್ತಿ ಹೋದಾನೆಂದು ನಾನು ಹೆದರಿದೆ, ಯಾಕೆಂದರೆ ಯಮನಪ್ಪ ಮೊದಲೇ ಹೇಳಿದ್ದ, "ಬೆನ್ನ ಹತ್ತಿ ಹೋತಂದ್ರ ಅದು ಬ್ಯಾಟಿಗಿ ಬಿತ್ತು, ಹೊಳ್ಳಿ ಬಂತಂದ್ರ ನಿಮ್ಮ ಹಿಂಡು ಬದುಕಿತು" ಎಂದು. ಅವನು ತಿರುಗಿದ! ಕಿವಿಯಿಂದ ನೆತ್ತರು ಸುರಿಯುತ್ತಿದ್ದರೂ ನೆಟ್ಟಗೆ ಕುರಿಗಳ ನಡುವೆ ಬಂದು, ಒಂದೊಂದನ್ನೂ ಮೂಸಿ ನೋಡಿ, ಕೆಂಚಿಯ ಹತ್ತಿರ ಕೂತ.

ಒಂದು ಕುರಿಯೂ ಹೋಗಲಿಲ್ಲ ಜಾನಕಿ, ಒಂದೂ! ದೇವಪ್ಪ ಕೊಡಲಿ ಊರಿ ನಿಂತು, "ಮಾಸ್ತರ, ಇದರ ಮರಿ ಹುಟ್ಟಿದ್ರ ನನಗೊಂದು ಕೊಡ್ರಿ. ನಾನೂ ಮಡಿ ಮಾಡ್ತೇನಿ" ಎಂದ. ಊರಲ್ಲಿ ಈಗ ನಾಯಿ ಕೂಸುಗಳನ್ನು ಉಳಿಸಿತು ಎಂದು ಕಥೆ ಕಟ್ಟಿದ್ದಾರೆ. ನಾನು ಅಷ್ಟು ದೊಡ್ಡ ಮಾತು ಆಡುವುದಿಲ್ಲ. ಅವನು ನಿಂತದ್ದು ತನ್ನ ಬಳಗಕ್ಕಾಗಿ.

ಅಂದಿನ ದೊಡ್ಡ ಅಚ್ಚರಿ ನಮ್ಮ ಆಯಿಯದು. ಅರಿಷಿಣ, ಎಣ್ಣೆ ಕಲಿಸಿ ತಾನೇ ಹಟ್ಟಿಗೆ ಬಂದಳು. ಬರಿಗೈಯಿಂದ ಡೊಳ್ಯಾನ ಹರಿದ ಕಿವಿಗೆ ಹಚ್ಚಿದಳು! ಮನುಷ್ಯರ ಮುದ್ದು ಕಾಣದ ಪ್ರಾಣಿ, ಕಲ್ಲಿನ ಹಾಗೆ ಬಿಗಿದು ನಿಂತಿತು. "ನಿಂದ್ರಪ್ಪಾ, ನಿಂದ್ರು ನನ್ನ ಬಂಗಾರ" ಎಂದಳು ಆಯಿ. ಅವಳು ಕೈ ತೆಗೆದದ್ದೇ ತಡ, ಡೊಳ್ಯಾ ಹಿಂಡಿಗೆ ಓಡಿದ, ತಿರುಗಿಯೂ ನೋಡಲಿಲ್ಲ. ಆಯಿ ಸೀದಾ ಬಾವಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡಳು.

ಬೇಗ ಬಾ. ನಿನ್ನ ಕಣ್ಣಿಂದಲೇ ಎಲ್ಲ ನೋಡುವಿಯಂತೆ. ಹೊರಡುವ ದಿನ ನಿಶ್ಚಯವಾದ ಕೂಡಲೇ ತಾರು ಕಳಿಸು. ದೇವರು ನಿನ್ನ ದಾರಿಯನ್ನು ತಂಪಾಗಿಡಲಿ, ಮನೆ ನಿನ್ನಿಂದ ತುಂಬಲಿ.

ಸದಾ ನಿನ್ನ,
ಪಂಢರೀನಾಥ

ತಾ.ಕ. ಕಾಗದ ಮಡಿಚಿದ ಮೇಲೆ ಮತ್ತೆ ಬಿಚ್ಚಿದೆ. ಇದನ್ನು ಬರೆಯದೆ ನಿನ್ನನ್ನು ಗಾಡಿ ಹತ್ತಿಸಿದರೆ ಮೋಸವಾದೀತು. ನಿನ್ನ ಎದೆ ಇನ್ನೂ ಮಾಯಬೇಕು ಎಂದು ಇಷ್ಟು ದಿನ ನಾಯಿಯ ಸುದ್ದಿ ಬರೆದೆ, ನೀನು ಕೇಳಿದ್ದನ್ನು ತಪ್ಪಿಸಿದೆ.

ತುಳಸಿಗೆ ಮಾತು ಬಂದಿದೆ. ಸಂಕ್ರಾಂತಿಯ ಸುಮಾರಿಗೇ ಬಂತು. "ಅವ್ವಾ" ಎನ್ನುತ್ತಾಳೆ. ಬಾಳಮ್ಮನಿಗೆ ಎನ್ನುತ್ತಾಳೆ. ಬಾಯಿತಪ್ಪಿ ಒಮ್ಮೆ ಅಂದದ್ದಲ್ಲ, ಬೆಳಗಾದರೆ ಅದೇ, ಬಿದ್ದರೆ ಅದೇ. ತೋಳ ಬಂದ ದಿನ ನಾನು ಬಣವೆಯ ಹತ್ತಿರ ಹೋಗಿ ಎರಡೂ ಕೈ ಚಾಚಿದೆ, ನನ್ನನ್ನು ದಾಟಿ ಅವಳ ಕಡೆಗೇ ಜಿಗಿದಳು. ಬಾಳಮ್ಮ ಪ್ರತಿ ಸಲವೂ ಹೇಳುತ್ತಾಳೆ, "ನಾ ಅಲ್ಲವ್ವಾ, ನಿಮ್ಮವ್ವ ಮಿರಜದಾಗ ಅದಾಳ" ಎಂದು. ಕೂಸಿಗೆ ಅದೊಂದು ಆಟ, ಮಿರಜ ಎಂದ ಕೂಡಲೇ ನಗುತ್ತದೆ.

ಡಾಕ್ಟರರ ಕಾಗದ ಬಂದ ದಿನ ಎಲ್ಲರೂ ಕುಣಿದೆವು, ಬಾಳಮ್ಮನೂ ನಕ್ಕಳು. ಮರುದಿನ ಬಂದು, "ಜಾನಕಿ ಬಾಯಾರು ಬರೂ ಹೊತ್ತಿಗಿ ನಾ ಇಲ್ಲಿರಬಾರ್ದ್ರಿ ಮಾಸ್ತರ. ನಾ ಕಂಡ್ರ ಕೂಸು ಅವರ ತೊಡಿ ಮ್ಯಾಲ ನಿಂದ್ರೂದಿಲ್ಲ. ಅವರಿಗಿ ಭಾಳ ತ್ರಾಸ ಆಕೈತಿ. ನಾ ಶಂಕ್ರನ ಕರಕೊಂಡು ಗುಡ್ಡಕ್ಕ ಹಿಂಡಿನ ಕೂಡ ಹೋಕ್ಕೇನಿ" ಎಂದಳು. ಆಯಿ "ಖರೆ ಅದ" ಎಂದು ಒಳಗೆ ಹೋಗಿ ಕೂತವಳು ಊಟಕ್ಕೂ ಏಳಲಿಲ್ಲ. ಗುಡ್ಡದಿಂದ ಬಂದಿದ್ದ ಯಮನಪ್ಪ, ಮರಿ ಅಗಲಿಸಿದರೆ ನಾಲ್ಕು ದಿನ ಅತ್ತು ಮರೆಯುತ್ತದೆ ಎಂದ. ಇದು ನಾಯಿಮರಿ ಅಲ್ಲೋ ಎಂದು ನಾನು ಅವನ ಮೇಲೆ ಹರಿಹಾಯ್ದೆ. ಆದರೆ ಹೌದು ಎನ್ನಲೂ ನನಗೆ ಬಾಯಿ ಬಂದಿಲ್ಲ, ಬೇಡ ಎನ್ನಲೂ ಬಂದಿಲ್ಲ.

ನೀನೇ ಹೇಳಬೇಕು ಜಾನಕಿ. ನೀನು ಗಾಡಿಯಿಂದ ಇಳಿಯುವಾಗ ಬಾಳಮ್ಮ ಬಾಗಿಲಲ್ಲಿ ಇರಬೇಕೋ, ಇರಬಾರದೋ? ನೀನು ಬರೆದಂತೆ ನಡೆಯುತ್ತದೆ, ಯಾರೂ ಎದುರಾಡುವುದಿಲ್ಲ. ಆದರೆ ಕೂಡಲೇ ಬರೆ. ಅವಳು ನಮ್ಮನ್ನಾರನ್ನೂ ಕೇಳದೆ ನಿನ್ನೆ ಬೇವಿನೆಲೆ ಅರೆದು ಎದೆಗೆ ಹಚ್ಚಿಕೊಂಡಿದ್ದಾಳೆ. ತುಳಸಿ ಬಾಯಿ ಹಚ್ಚಿ ಮುಖ ಕಿವಿಚಿ ಅತ್ತಳು, ಮತ್ತೆ ಹೋದಳು, ಮತ್ತೆ ಅತ್ತಳು. "ಶಂಕ್ರಗಾದ್ರೂ ತೊಳಕೊಂಡು ಕುಡಸಬಾರದೇನ ಬಾಳಮ್ಮಾ, ಅವನ ಹಾಲು ಯಾಕ ಬಿಡಸ್ತಿ?" ಎಂದೆ.

"ಹೆಂಗ ಕುಡಸಲ್ರಿ? ಅವ ಕುಡಿಯೂದು ನೋಡಿದ್ರ ಇಕಿ ಬಿಡತಾಳೇನ್ರಿ?" ಎಂದಳು.

ಇದನ್ನು ಬರೆಯುವಾಗ ಗುಡಿಸಲಿನಲ್ಲಿ ಇಬ್ಬರೂ ಅಳುತ್ತಿದ್ದಾರೆ.